ಓದುಗರ ಪ್ರಶ್ನೆ: ಚೆಂಡು ಕಸಿದ ಮೇಲೆ ಮುಂದೇನು?

ಪ್ರಶ್ನೆ: ನಮ್ಮ ಕಾಲೇಜು ಫುಟ್‌ಬಾಲ್ ತಂಡ 4-4-2ರಲ್ಲಿ (ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್) ಹಿಂದೆ ಸರಿದು ಆಡುತ್ತದೆ. ಗೋಲು ಬಿಟ್ಟುಕೊಡುವುದು ಕಡಿಮೆ. ಆದರೆ ಕಸಿದ ಚೆಂಡು ಮರುಕ್ಷಣವೇ ಎದುರಾಳಿಗಳ ಪಾಲಾಗುತ್ತದೆ, ಕೌಂಟರ್ ಅಟ್ಯಾಕ್ (ಕಸಿದೊಡನೆ ಮಾಡುವ ಮರುದಾಳಿ) ಹುಟ್ಟುವುದೇ ಇಲ್ಲ. ಮೈದಾನ ಹುಲ್ಲಿಲ್ಲದ ಗಟ್ಟಿ ಮಣ್ಣಿನದು.
- ತಂಡದ ನಾಯಕ, ತುಮಕೂರು

ಉತ್ತರ: ಒತ್ತಡ ಹೆಚ್ಚಾದಾಗ ನಿಮ್ಮ ಇಬ್ಬರು ಸ್ಟ್ರೈಕರ್‌ಗಳು ಎಲ್ಲಿರುತ್ತಾರೆ, ಮೊದಲು ಅದನ್ನು ನೋಡಿ. ಇಬ್ಬರೂ ಸ್ವಂತ ಬಾಕ್ಸಿನ (ಗೋಲಿನ ಮುಂದಿನ ಪೆನಾಲ್ಟಿ ಆವರಣದ) ತನಕ ಇಳಿದಿದ್ದರೆ ಮುಂದೆ ಪಾಸ್ ಕೊಡಲು ಯಾರೂ ಉಳಿದಿರುವುದಿಲ್ಲ. ಡಿಫೆಂಡರ್ ದಿಕ್ಕು ನೋಡದೆ ಉದ್ದಕ್ಕೆ ಒದೆಯುತ್ತಾನೆ. ಗಟ್ಟಿ ನೆಲದಲ್ಲಿ ಚೆಂಡು ಎತ್ತರಕ್ಕೆ ಪುಟಿದು ಎದುರಾಳಿ ಸ್ಟಾಪರ್‌ನ (ನಡುವಿನ ಡಿಫೆಂಡರ್‌ನ) ತಲೆಗೇ ಸಿಗುತ್ತದೆ.

ಒಬ್ಬ ಸ್ಟ್ರೈಕರ್ ಹಾಫ್ ಲೈನ್ ಬಳಿಯೇ ಇರಲಿ, ಎದುರಾಳಿಯ ಸ್ಟಾಪರ್ ಮತ್ತು ಸೈಡ್ ಬ್ಯಾಕ್ (ಬದಿಯ ಡಿಫೆಂಡರ್) ನಡುವಿನ ಸಂದಿಯಲ್ಲಿ. ಪಾಸ್ ಹೊರಡುವ ಕ್ಷಣಕ್ಕೆ ಅವನು ತನ್ನ ಅರ್ಧದಲ್ಲೇ ಇದ್ದರೆ ಆಫ್‌ಸೈಡ್ ಆಗದು, ಹಾಗಾಗಿ ಲೈನ್‌ನ ಈಚೆಗೆ ಒಂದು ಹೆಜ್ಜೆ ಸಾಕು. ಎರಡನೆಯವನು ಅವನಿಂದ 15 ಮೀಟರ್ ಕೆಳಗೆ, ಎದುರಾಳಿಯ ಡಿಫೆನ್ಸಿವ್ ಮಿಡ್‌ಫೀಲ್ಡರ್‌ನನ್ನು ಅಂಟಿಕೊಂಡಿರಲಿ. ಮೊದಲ ಪಾಸ್ ನೆಲದ ಮೇಲೆ ಈ ಎರಡನೆಯ ಸ್ಟ್ರೈಕರ್‌ನ ಕಾಲಿಗೆ ಬರಬೇಕು. ಅವನು ತಿರುಗಲು ಹೋಗದೆ, ಮುಖ ಮುಂದಿಟ್ಟು ಓಡಿಬರುವ ಮಿಡ್‌ಫೀಲ್ಡರ್‌ಗೆ ಒಂದೇ ಸ್ಪರ್ಶದಲ್ಲಿ ಬಿಡಲಿ. ಮೂರನೆಯ ಪಾಸ್ ಡಿಫೆನ್ಸ್‌ನ ಬೆನ್ನ ಹಿಂದಕ್ಕೆ. 2015-16ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್ ಸಿಟಿಯಲ್ಲಿ ಸ್ಟ್ರೈಕರ್ ಒಕಾಝಾಕಿ ಕೆಳಗಿಳಿದು ದುಡಿಯುತ್ತಿದ್ದರು, ಮಿಡ್‌ಫೀಲ್ಡರ್ ಕಾಂಟೆ ಚೆಂಡು ಕಸಿಯುತ್ತಿದ್ದರು, ಮೇಲೆ ಉಳಿದ ಸ್ಟ್ರೈಕರ್ ವಾರ್ಡಿ ಆ ಲೀಗ್‌ನಲ್ಲಿ 24 ಗೋಲು ಹೊಡೆದರು. ವಾರ್ಡಿಯ ವೇಗವನ್ನು ಎಲ್ಲರೂ ಹೊಗಳುತ್ತಾರೆ, ಒಕಾಝಾಕಿಯ ಕೆಲಸ ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಬೇಕಿರುವುದು ಮೊದಲು ಅಂಥವನೇ.

ಹಿಂದಿನ ನಾಲ್ವರು ಬಾಕ್ಸಿನ ಅಂಚಿನಲ್ಲಿ, ಮಿಡ್‌ಫೀಲ್ಡ್‌ನ ನಾಲ್ವರು ಅವರಿಂದ 10-12 ಮೀಟರ್ ಮುಂದೆ. ಈ ಅಂತರ 20 ಮೀಟರ್ ಆಯಿತೆಂದರೆ ಎದುರಾಳಿ ಆ ಜಾಗದಲ್ಲಿ ಆರಾಮವಾಗಿ ತಿರುಗುತ್ತಾನೆ. ಅತಿ ಕಷ್ಟದ ಪಾತ್ರ ವಿಂಗರ್‌ನದು (ಅಂಚಿನ ಮಿಡ್‌ಫೀಲ್ಡರ್‌ನದು). ಚೆಂಡು ಆಚೆ ಬದಿಗಿದ್ದಾಗ ಅವನು ಒಳಕ್ಕೆ ಸರಿದಿರಬೇಕು, ಕಸಿದೊಡನೆ ಹೊರಕ್ಕೆ ಓಡಬೇಕು. ದಾಳಿಗೆ ನಾಲ್ವರು, ಹೆಚ್ಚೆಂದರೆ ಐವರು ಹೋಗಲಿ. ಇಬ್ಬರು ಸ್ಟಾಪರ್‌ಗಳು, ಒಬ್ಬ ಮಿಡ್‌ಫೀಲ್ಡರ್, ಆಚೆ ಬದಿಯ ಸೈಡ್ ಬ್ಯಾಕ್ ಹಿಂದೆಯೇ ಉಳಿಯಲಿ.

ಅಭ್ಯಾಸಕ್ಕೆ ಅರ್ಧ ಮೈದಾನ ಸಾಕು. ಹಾಫ್ ಲೈನ್ ಮೇಲೆ ಕೋನ್‌ಗಳಿಂದ 3 ಮೀಟರ್ ಅಗಲದ ಎರಡು ಗೇಟ್ ಮಾಡಿ. ಎಂಟು ಮಂದಿ ಗೋಲು ಕಾಯಲಿ, ಎಂಟು ಮಂದಿ ದಾಳಿ ಮಾಡಲಿ. ಕಾಯುವವರು ಕಸಿದ 10 ಸೆಕೆಂಡಿನೊಳಗೆ ಯಾವುದಾದರೊಂದು ಗೇಟ್ ದಾಟಿಸಿದರೆ ಅಂಕ. 4 ನಿಮಿಷದ ಐದು ಸುತ್ತು, ನಡುವೆ 2 ನಿಮಿಷ ವಿರಾಮ.

ಪ್ರಶ್ನೆ: ಕ್ರಾಸ್‌ಗಳಿಂದಲೇ (ಬದಿಯಿಂದ ಬಾಕ್ಸಿಗೆ ಹೊಡೆಯುವ ಚೆಂಡುಗಳಿಂದ) ನಮಗೆ ಗೋಲು ಬೀಳುತ್ತಿದೆ. 4-1-4-1 ಬಿಟ್ಟು 5-4-1ಕ್ಕೆ ಹೋಗೋಣವೇ?
- ಕೋಚ್, ಕೆಜಿಎಫ್

ಉತ್ತರ: ಆತುರ ಬೇಡ. ಕ್ರಾಸ್ ಹೊಡೆಯುವವನಿಂದ ನಿಮ್ಮ ಸೈಡ್ ಬ್ಯಾಕ್ ಮೂರು-ನಾಲ್ಕು ಮೀಟರ್ ದೂರ ನಿಂತಿದ್ದರೆ ಬಾಕ್ಸಿನಲ್ಲಿ ಎಷ್ಟು ಜನರಿದ್ದರೂ ಪ್ರಯೋಜನವಿಲ್ಲ. ಅದನ್ನು ಒಂದೂವರೆ ಮೀಟರ್‌ಗೆ ಇಳಿಸಿ. ಆಚೆ ಬದಿಯ ಸೈಡ್ ಬ್ಯಾಕ್ ಚೆಂಡನ್ನೇ ದಿಟ್ಟಿಸುತ್ತ ಬೆನ್ನ ಹಿಂದಿನವನನ್ನು ಮರೆಯುತ್ತಿರಬಹುದು. ದೇಹ ಅಡ್ಡಕ್ಕೆ ತಿರುಗಿಸಿ, ಚೆಂಡು ಮತ್ತು ಆಟಗಾರ ಇಬ್ಬರೂ ಕಾಣುವಂತೆ ನಿಲ್ಲುವುದನ್ನು ಕಲಿಸಿ. ಹೆಡ್ ಮಾಡಬಲ್ಲ ಮೂವರು ಸ್ಟಾಪರ್‌ಗಳಿದ್ದರೆ ಮಾತ್ರ 5-4-1. ಅದರಲ್ಲಿ ನಡುವೆ ಇಬ್ಬರೇ ಉಳಿಯುವುದರಿಂದ ಬಾಕ್ಸಿನ ಹೊರಗಿನ ಹೊಡೆತಗಳು ಹೆಚ್ಚುತ್ತವೆ, ಮುಂದಿನವನು ಒಂಟಿಯಾಗುತ್ತಾನೆ. 2022ರ ವಿಶ್ವಕಪ್‌ನಲ್ಲಿ ಮೊರಾಕೊ ಬಹುತೇಕ ನಾಲ್ವರು ಡಿಫೆಂಡರ್‌ಗಳನ್ನೇ ಇಟ್ಟುಕೊಂಡು, ಅವರ ಮುಂದೆ ಮಿಡ್‌ಫೀಲ್ಡರ್ ಅಮ್ರಾಬತ್‌ನನ್ನು ನಿಲ್ಲಿಸಿ ಸೆಮಿಫೈನಲ್ ತಲುಪಿತು. ಅಲ್ಲಿಯವರೆಗೆ ಅದರ ಬಲೆಗೆ ಬಿದ್ದ ಏಕೈಕ ಗೋಲು ಕೆನಡಾ ವಿರುದ್ಧದ ಸ್ವಂತ ಗೋಲು.

ಪ್ರಶ್ನೆ: ಕೊನೆಯ 20 ನಿಮಿಷ ಇರುವಾಗ ಒಂದು ಗೋಲು ಹಿಂದಿದ್ದರೆ?
- ಓದುಗ, ಚಿಂತಾಮಣಿ

ಉತ್ತರ: ಸ್ಟ್ರೈಕರ್‌ಗಳನ್ನು ತುಂಬುವ ಮೊದಲು ಇಡೀ ತಂಡವನ್ನು 10-15 ಮೀಟರ್ ಮೇಲಕ್ಕೆ ತನ್ನಿ. ಎದುರಾಳಿ ತನ್ನ ಗೋಲ್‌ಕೀಪರ್‌ಗೆ ಹಿಂದಕ್ಕೆ ಪಾಸ್ ಕೊಟ್ಟಾಗ ಅಥವಾ ಸೈಡ್ ಬ್ಯಾಕ್ ಗೆರೆಯ ಕಡೆ ಮುಖ ಮಾಡಿ ಚೆಂಡು ಪಡೆದಾಗ ಎಲ್ಲರೂ ಒಟ್ಟಿಗೆ ಮೇಲೆ ಬೀಳಿ. ಒಬ್ಬನೇ ಓಡಿದರೆ ಅವನು ದಣಿಯುತ್ತಾನೆ, ಅಷ್ಟೆ. ನಿಮ್ಮ ಗೋಲ್‌ಕೀಪರ್ ಬಾಕ್ಸಿನ ಅಂಚಿಗೆ ಬಂದು ನಿಂತಿರಲಿ, ಬೆನ್ನ ಹಿಂದೆ ಬೀಳುವ ಉದ್ದನೆಯ ಚೆಂಡು ಅವನ ಹೊಣೆ.