ಜೊತೆಗಿದ್ದ ಹೆಣ್ಣು ಜರ್ಬಿಲ್‌ಗಳು ಕಚ್ಚಾಡಿಕೊಂಡಾಗ

ಎಂಟು ತಿಂಗಳು ಒಟ್ಟಿಗೆ ಮಲಗುತ್ತಿದ್ದ ಎರಡು ಹೆಣ್ಣು ಜರ್ಬಿಲ್‌ಗಳು (ಮನೆಯಲ್ಲಿ ಸಾಕುವ, ಇಲಿಯಂಥ ಪುಟ್ಟ ಪ್ರಾಣಿಗಳು) ದಿಢೀರನೆ ಅಟ್ಟಾಡಿಸಿಕೊಂಡು, ಒಂದರ ಬಾಲದ ಬುಡದಲ್ಲಿ ರಕ್ತ ಕಂಡರೆ, ಅದಕ್ಕೆ ಬಹುಮಟ್ಟಿಗೆ ಯಜಮಾನಿಕೆಯ ಪೈಪೋಟಿಯೇ ಕಾರಣ. ಹೆಣ್ಣುಗಳಲ್ಲಿ ಇದು ಹೆಚ್ಚು.

ಮೊದಲು ಎರಡನ್ನೂ ಈಗಲೇ ಬೇರ್ಪಡಿಸಿ. ಜಗಳದ ನಡುವೆ ಬರಿಗೈ ಹಾಕಬೇಡಿ, ದಪ್ಪ ಕೈಗವಸು ತೊಟ್ಟುಕೊಳ್ಳಿ. ಬಾಲ ಹಿಡಿದು ಎತ್ತಲೇಬೇಡಿ, ಅದರ ಚರ್ಮ ಸುಲಿದು ಬಂದುಬಿಡುತ್ತದೆ. ಗಾಯವನ್ನು ಸಲೈನ್‌ನಿಂದ (ಶುದ್ಧ ಉಪ್ಪುನೀರಿನ ದ್ರಾವಣದಿಂದ) ತೊಳೆಯಿರಿ. ಬಾವು ಬಂದರೆ ಅಥವಾ ಪ್ರಾಣಿ ಮಂಕಾಗಿ ಮೇವು ಬಿಟ್ಟರೆ ಪಶುವೈದ್ಯರಿಗೆ ತೋರಿಸಿ.

ಗಾಯ ಪೂರ್ತಿ ಒಣಗಿದ ಮೇಲೆ ಗಾಜಿನ ತೊಟ್ಟಿಯ ನಡುವೆ, ಮೂತಿ ತೂರದಷ್ಟು ಸಣ್ಣ ಕಣ್ಣಿನ ಗಟ್ಟಿ ತಂತಿ ಜಾಲರಿಯನ್ನು ಮೇಲಿನವರೆಗೂ ಅಲುಗದಂತೆ ನಿಲ್ಲಿಸಿ, ಒಂದೊಂದು ಬದಿಗೆ ಒಂದೊಂದನ್ನು ಬಿಡಿ. ಜರ್ಬಿಲ್‌ಗಳು ತಮ್ಮವರನ್ನು ವಾಸನೆಯಿಂದಲೇ ಗುರುತಿಸುವುದರಿಂದ, ಹಾಸನ್ನು ಬದಲಿಸದೆ ದಿನಕ್ಕೆ ಎರಡು ಮೂರು ಬಾರಿ ಅವುಗಳ ಜಾಗವನ್ನು ಮಾತ್ರ ಅದಲುಬದಲು ಮಾಡಬೇಕು. ನನ್ನಲ್ಲಿದ್ದ ಜೋಡಿ ಹತ್ತನೆಯ ದಿನ ಜಾಲರಿಗೆ ಬೆನ್ನು ಒತ್ತಿಕೊಂಡು ಮಲಗಿತ್ತು. ನಾನು ಕಾಯುತ್ತಿದ್ದುದು ಆ ಗುರುತಿಗೇ. ಆಮೇಲೆ ಅವನ್ನು ಹೊಸ, ಚಿಕ್ಕ, ಖಾಲಿ ಪೆಟ್ಟಿಗೆಯಲ್ಲಿ ಒಟ್ಟಿಗೆ ಬಿಟ್ಟು, ಹಲವು ಗಂಟೆ ಕಣ್ಣು ತೆಗೆಯದೆ ನೋಡಿ.

ರಕ್ತ ಬರುವಂತೆ ಕಚ್ಚಿಕೊಂಡ ಜೋಡಿ ಮತ್ತೆ ಒಂದಾಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಮತ್ತೊಮ್ಮೆ ಉಂಡೆಯಾಗಿ ಉರುಳಾಡಿ ಕಚ್ಚಿಕೊಂಡರೆ ಪ್ರಯತ್ನವನ್ನು ಅಲ್ಲಿಗೇ ಬಿಟ್ಟು, ಪ್ರತಿಯೊಂದಕ್ಕೂ ಎಂಟು ವಾರದೊಳಗಿನ ಹೆಣ್ಣುಮರಿಯನ್ನು ಇದೇ ಕ್ರಮದಲ್ಲಿ ಜೊತೆಮಾಡಿ. ಗಂಡನ್ನು ಮಾತ್ರ ಬಿಡಬೇಡಿ: ಸುಮಾರು 25 ದಿನಕ್ಕೆ ಮರಿಗಳು ಹುಟ್ಟುತ್ತವೆ, ಹೆತ್ತ ದಿನವೇ ತಾಯಿ ಮತ್ತೆ ಗಬ್ಬವಾಗಬಹುದು.