ಮೈನರ್ ಇದ್ದಾಗ ಆದ ಪಾಲು ಪತ್ರ ಈಗ ನನ್ನನ್ನು ಕಟ್ಟಿಹಾಕುತ್ತದೆಯೇ?

ನಿಮಗೆ ಹತ್ತು ವರ್ಷವಿದ್ದಾಗ ಅಪ್ಪ, ದೊಡ್ಡಪ್ಪ ಜಮೀನು ಪಾಲು ಮಾಡಿಕೊಂಡರು. ನಿಮ್ಮ ಪರವಾಗಿ ಅಪ್ಪನೇ ಸಹಿ ಹಾಕಿದರು. ಈಗ ಅದನ್ನು ಪ್ರಶ್ನಿಸಬಹುದಾ ಅಂತ ಕೇಳಿದ್ದೀರಿ.

ಆಗ ಮೈನರ್ ಇದ್ದೆ ಅನ್ನುವ ಒಂದೇ ಕಾರಣಕ್ಕೆ ಪಾಲು ಬಿದ್ದುಹೋಗುವುದಿಲ್ಲ. ಹಿಂದೂ ಕೂಡು ಕುಟುಂಬದಲ್ಲಿ ನ್ಯಾಯವಾಗಿ ಆದ ಪಾಲಿಗೆ ಮಕ್ಕಳೂ ಬದ್ಧರು. ಅನ್ಯಾಯವಾಗಿದ್ದರೆ ಮಾತು ಬೇರೆ. 1975ರ ರತ್ನಂ ಚೆಟ್ಟಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಮೈನರ್‌ಗೆ ನಷ್ಟವಾಗುವಂತೆ ಪಾಲು ಮಾಡಿದ್ದರೆ, ಎಷ್ಟು ವರ್ಷ ಕಳೆದಿದ್ದರೂ ಹೊಸದಾಗಿ ಪಾಲು ಕೇಳಬಹುದು. ಆ ಕುಟುಂಬದಲ್ಲಿ ಸ್ಥಿರಾಸ್ತಿಯ ಪಾಲು ಸರಿ ಇತ್ತು, ಅದನ್ನು ಕೋರ್ಟ್ ಹಾಗೇ ಉಳಿಸಿತು. ಚರಾಸ್ತಿಯ ಪಾಲು ಮಾತ್ರ ಮತ್ತೆ ಮಾಡಿಸಿತು. ಅಂದರೆ ಎಲ್ಲವನ್ನೂ ಕೆಡವಬೇಕಿಲ್ಲ, ಅಲ್ವಾ?

ಇಂಥ ಕೇಸಿನಲ್ಲಿ ಪಾಲು ನ್ಯಾಯವಾಗಿತ್ತು ಅಂತ ತೋರಿಸುವ ಹೊಣೆ ಆ ಪಾಲನ್ನು ಸಮರ್ಥಿಸುವವರದು ಅಂತ ಅದೇ ತೀರ್ಪು ಹೇಳುತ್ತದೆ. ಹಾಗಂತ ನೀವು ಸುಮ್ನೆ ಅನ್ಯಾಯ ಅಂದರೆ ಸಾಲದು. ಯಾರಿಗೆ ಎಷ್ಟು ಗುಂಟೆ ಬಂತು, ಆಗಿನ ಬೆಲೆ ಎಷ್ಟು ಅನ್ನುವುದೇ ಮುಖ್ಯ.

ಪಾಲು ಕೋರ್ಟ್ ರಾಜಿಯಲ್ಲಿ ಆಗಿದ್ದರೆ, ಮೈನರ್ ಪರವಾಗಿ ರಾಜಿಗೆ ಕೋರ್ಟ್ ಅನುಮತಿ ಇತ್ತಾ ನೋಡಿ. ಇಲ್ಲದಿದ್ದರೆ ಆ ರಾಜಿಯನ್ನು ನೀವು ರದ್ದು ಮಾಡಿಸಬಹುದು.

ನಿಮ್ಮ ಪಾಲಿಗೆ ಬಂದಿದ್ದನ್ನು ಅಪ್ಪ ಆಮೇಲೆ ಮಾರಿದ್ದರೆ ಮಾತ್ರ ತಡಮಾಡಬೇಡಿ. ಆ ಕ್ರಯ ರದ್ದತಿಗೆ 18 ತುಂಬಿದ ಮೇಲೆ 3 ವರ್ಷವಷ್ಟೇ ಗಡುವು. ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪತ್ರದ ದೃಢೀಕೃತ ನಕಲು ತೆಗೆಸಿ, ವಕೀಲರಿಗೆ ತೋರಿಸಿ.