ಕಿವಿಯ ಗುಂಯ್ ಸದ್ದಿಗೆ ಮಾತ್ರೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಬಹುಕಾಲ ದುಡಿದ ನಿಮ್ಮ ತಂದೆಯವರಿಗೆ ಎರಡು ತಿಂಗಳು ಬೀಟಾಹಿಸ್ಟಿನ್ ಕೊಟ್ಟರೂ ಕಿವಿಯೊಳಗಿನ ಗುಂಯ್ ಸದ್ದು ತಗ್ಗಿಲ್ಲ, ಜೊತೆಗೆ ಗಿಂಕೊ (ಒಂದು ಮರದ ಎಲೆಯ ಸಾರ) ಮಾತ್ರೆಯನ್ನೂ ಕೊಡಬಹುದೇ ಎಂದು ಕೇಳಿದ್ದೀರಿ. ಬೀಟಾಹಿಸ್ಟಿನ್ ಮುಖ್ಯವಾಗಿ ಮೆನಿಯರ್ ಎಂಬ ಒಳಕಿವಿಯ ಕಾಯಿಲೆಯ ತಲೆಸುತ್ತಿಗೆ ಬಳಸುವ ಔಷಧ. ಕಿವಿಯ ಸದ್ದನ್ನು ಅದು ತಗ್ಗಿಸುತ್ತದೆ ಎನ್ನಲು ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2018ರ ಕಾಕ್ರೇನ್ ಸಮೀಕ್ಷೆಗೆ ಆಧಾರ ಸಿಗಲಿಲ್ಲ. ಗಿಂಕೊವನ್ನು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞವೈದ್ಯರ 2014ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸಬಹುದಾದ್ದರಿಂದ, ದಯವಿಟ್ಟು ವೈದ್ಯರನ್ನು ಕೇಳದೆ ಆರಂಭಿಸಬೇಡಿ.

ನನಗೆ ಹೆಚ್ಚು ಮುಖ್ಯವೆನಿಸುವುದು ಗಿರಣಿಯ ಯಂತ್ರಗಳ ಸದ್ದು. ವರ್ಷಗಟ್ಟಲೆ ಜೋರು ಸದ್ದಿಗೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ನಶಿಸಿದರೆ ಅವು ಮತ್ತೆ ಹುಟ್ಟುವುದಿಲ್ಲ, ಹುಟ್ಟಿಸುವ ಮಾತ್ರೆಯೂ ಇನ್ನೂ ಬಂದಿಲ್ಲ. ಆದ್ದರಿಂದ ಮೊದಲು ಕೊಪ್ಪಳದಲ್ಲೋ ಬಳ್ಳಾರಿಯಲ್ಲೋ ಶ್ರವಣ ಪರೀಕ್ಷೆ ಮಾಡಿಸಿ. ಕೇಳುವಿಕೆ ಕುಂದಿದ್ದರೆ ಶ್ರವಣ ಸಾಧನ ಹಾಕಿಕೊಂಡಾಗ ಹೊರಗಿನ ಧ್ವನಿಗಳು ಸ್ಪಷ್ಟವಾಗಿ, ಒಳಗಿನ ಸದ್ದು ಅನೇಕರಿಗೆ ಹಿಂದೆ ಸರಿಯುತ್ತದೆ. ನಿದ್ದೆಗೆಟ್ಟು ಕುಗ್ಗಿದ್ದರೆ ಆಪ್ತಸಮಾಲೋಚನೆಯ ರೂಪದ ವರ್ತನಾ ಚಿಕಿತ್ಸೆ ನಿಜಕ್ಕೂ ನೆರವಾಗುತ್ತದೆ. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ, ಏಕೆಂದರೆ ಹೆಚ್ಚಿನ ಪ್ರಮಾಣದ ಆಸ್ಪಿರಿನ್ ಕೂಡ ಇಂಥ ಸದ್ದನ್ನು ತರಬಲ್ಲದು. ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯ ಬಡಿತಕ್ಕೆ ಸರಿಯಾಗಿ ಕೇಳುತ್ತಿದ್ದರೆ ತಡಮಾಡಬೇಡಿ. ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ವೈದ್ಯರ ಬಳಿ ಹೋಗಿ, ಅಂಥ ಸಂದರ್ಭದಲ್ಲಿ ಸ್ಟೀರಾಯ್ಡ್ ಚಿಕಿತ್ಸೆಗೆ ಒಂದೊಂದು ದಿನವೂ ಬೆಲೆಯುಳ್ಳದ್ದು.